‘ಹೊಂದಿಕೊಂಡಿತು’ ಎಂಬ ಕ್ರಿಯಾಪದದ ಮೇಲೊಂದು ತಕರಾರು

ಪ್ರಿಯರೇ,

ಕ್ರೈಸ್ತ ಮಿಷನ್ ಕಾಲದೇಶಗಳಿಗೆ ತಕ್ಕಂತೆ ಬದಲಾದ ಬಗೆಯನ್ನು ಕುರಿತ ನಿಮ್ಮ ಹದಿನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಸಂತ ಪೌಲನಿಂದ ಹೊರಟು ಮಂಗಳೂರು ಮುಟ್ಟುವಷ್ಟರಲ್ಲಿ ಹದಿನೆಂಟು ಶತಮಾನ ಓಡಿದ್ದೀರಿ. ದಾರಿಯಲ್ಲಿ ಎಲ್ಲಿಯೂ ಕುಳಿತು ಒಂದು ಲೋಟ ನೀರು ಕುಡಿದಿಲ್ಲ.

ಪುಟಪುಟಕ್ಕೂ ‘ಮಿಷನ್ ಹೊಂದಿಕೊಂಡಿತು’ ಎನ್ನುತ್ತೀರಿ. ಅಷ್ಟು ಸಲೀಸಾಗಿತ್ತೇ? ಇಟಲಿಯ ಜೆಸ್ವಿಟ್ ಪಾದ್ರಿ ಮತ್ತೆಯೋ ರಿಚ್ಚಿ ಚೀನೀ ವಿದ್ವಾಂಸರ ಉಡುಪು ತೊಟ್ಟು 1601ರಲ್ಲಿ ಬೀಜಿಂಗ್ ಸೇರಿದ, ಪಿತೃಗಳಿಗೆ ಸಲ್ಲಿಸುವ ಗೌರವವನ್ನು ವಿಗ್ರಹಾರಾಧನೆ ಎಂದು ತಳ್ಳಿಹಾಕಲಿಲ್ಲ ಎಂದು ಬರೆದು ಮುಂದೆ ಹೋಗಿದ್ದೀರಿ. 1715ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಆ ಆಚರಣೆಗಳನ್ನು ನಿಷೇಧಿಸಿದ್ದು, ಸಿಟ್ಟಿಗೆದ್ದ ಕಾಂಗ್‌ಶಿ ಚಕ್ರವರ್ತಿ ಧರ್ಮಪ್ರಚಾರವೇ ಬೇಡವೆಂದದ್ದು, ರೋಮ್ ಮನಸ್ಸು ಬದಲಿಸಲು 1939ರವರೆಗೆ ಕಾಯಬೇಕಾದದ್ದು ಎಲ್ಲಿ? ಹೊಂದಿಕೊಂಡವನಿಗೆ ಅಡ್ಡಬಂದವರು ಅವನ ಮನೆಯವರೇ. ಜಗಳವನ್ನು ಬಿಟ್ಟು ಮದುವೆಯನ್ನಷ್ಟೇ ಹೇಳಿದ್ದೀರಿ.

ಜೀವವಿರುವುದು ಒಂಬತ್ತನೆಯ ಪುಟದಲ್ಲಿ, ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಯ ಬಳಿ. ಅಲ್ಲಿಯೂ ‘ಕೈಗಾರಿಕಾ ಯುಗಕ್ಕೆ ಹೊಂದಿಕೊಂಡಿತು’ ಎಂಬ ಅದೇ ಪಲ್ಲವಿ. ನಡೆದದ್ದು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಕ್ರೈಸ್ತರಾದ ಬಿಲ್ಲವರು ಕಳ್ಳು ಇಳಿಸುವ ಮೂರ್ತೆದಾರಿಕೆ ಮುಂದುವರಿಸುವುದನ್ನು ಒಪ್ಪಲಿಲ್ಲ. ಕಳ್ಳು ಅದಕ್ಕೆ ಪಾಪದ ಕಸುಬು. ಅತ್ತ ಜಾತಿಯವರು ಹೊರಗಿಟ್ಟರು, ಹಲವರ ಗೇಣಿ ಭೂಮಿಯೂ ಹೋಯಿತು. ಕೈಗೆ ಕೆಲಸವಿಲ್ಲದ ಈ ಸಂಸಾರಗಳಿಗೆ ಅನ್ನದ ದಾರಿಯಾಗಿ ನೇಯ್ಗೆ ಬಂತು, 1865ರಲ್ಲಿ ಮಿಷನರಿ ಪ್ಲೆಬ್‌ಸ್ಟ್ ಅವರ ಹೆಂಚು ಬಂತು. ಅಂದರೆ ಕರಾವಳಿಯ ಮನೆಗಳ ಮೇಲೆ ಇಂದಿಗೂ ಕುಳಿತಿರುವ ಮಂಗಳೂರು ಹೆಂಚಿನ ಹಿಂದೆ ಇರುವುದು ಹೊಂದಾಣಿಕೆಗಿಂತ ಹೆಚ್ಚಾಗಿ ಒಂದು ಹಟ. ಅದೇ ಮಿಷನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಪದ್ಯವಾಗಿಸಲು ನಮ್ಮ ಛಂದಸ್ಸನ್ನು ಹಿಡಿದರು. ಛಂದಸ್ಸಿನಲ್ಲಿ ಬಗ್ಗಿದ ಮಿಷನ್ ಕಸುಬಿನಲ್ಲಿ ಏಕೆ ಬಗ್ಗಲಿಲ್ಲ? ನಿಮ್ಮ ಲೇಖನ ಈ ಪ್ರಶ್ನೆಯಿಂದ ಶುರುವಾಗಲಿ.

(‘ಮಂಗಳೂರ ಸಮಾಚಾರ’ವನ್ನು ಕಿಟ್ಟೆಲ್ ಹೊರಡಿಸಿದರು ಎಂದಿದ್ದೀರಿ. ಅದು 1843ರಲ್ಲಿ ಬಾಸೆಲ್ ಮಿಷನ್ನಿನವರೇ ಆದ ಮೋಗ್ಲಿಂಗ್ ಹೊರಡಿಸಿದ ಪತ್ರಿಕೆ. ಕಿಟ್ಟೆಲ್ ಇತ್ತ ಬಂದದ್ದೇ 1853ರಲ್ಲಿ. ಇಂಥ ತಪ್ಪು ಅಚ್ಚಾದರೆ ಬೈಗುಳದ ಪತ್ರಗಳು ಬರುವುದು ನನಗೆ.)

ನಿಮ್ಮ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ, ಅಷ್ಟೊಂದು ಸಂಕೋಚವೇಕೆ? ಅವರು ಜೇಡಿಮಣ್ಣು ಹದಮಾಡುತ್ತಿದ್ದರೇ, ಅಚ್ಚು ಒತ್ತುತ್ತಿದ್ದರೇ, ಭಟ್ಟಿಯ ಬಳಿ ಇದ್ದರೇ? ಅವರಿಗಿಂತ ಹಿಂದಿನವರು ತಾಳೆಮರ ಹತ್ತಿದವರೇ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಪೌಲನನ್ನೂ ರಿಚ್ಚಿಯನ್ನೂ ಬೇರೆ ಲೇಖನಕ್ಕೆ ಎತ್ತಿಡಿ. ಐದು ಪುಟ ಸಾಕು. ಮುಂದಿನ ತಿಂಗಳ ಹತ್ತರೊಳಗೆ ಕಳುಹಿಸಿದರೆ ನಾನೇ ಮೊದಲು ಓದುತ್ತೇನೆ.

ನಿಮ್ಮ,
ಸಂಪಾದಕ