ಹಿಡಿದ ಓಣಿಗೇ ನಾಯಿ ಬಿಡಬೇಕೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಹದಿನೆಂಟಿಪ್ಪತ್ತು ಬೀದಿನಾಯಿಗಳಿವೆ. ನಸುಕಿನಲ್ಲಿ ಹಾಲು ತರಲು ಹೋಗುವುದೂ ಕಷ್ಟ. ಎಲ್ಲರೂ ದುಡ್ಡು ಸೇರಿಸಿ ಗಾಡಿ ಮಾಡಿ, ಹಿಡಿಸಿ ಊರ ಹೊರಗೆ ಬಿಟ್ಟುಬರಬಹುದೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸಂತಾನಶಕ್ತಿಹರಣ ಚಿಕಿತ್ಸೆ, ರೇಬಿಸ್ ಲಸಿಕೆ ಎರಡೂ ಆದ ಮೇಲೆ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಇದನ್ನೇ ಹೇಳಿತು. ರೇಬಿಸ್ ತಗುಲಿದ, ತಗುಲಿರುವ ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡುವಂತಿಲ್ಲ. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳದ್ದು. ಅಲ್ಲಿ ಹಿಡಿದವನ್ನು ಮರಳಿ ಅಲ್ಲಿಗೆ ತರಬಾರದು. ಬಡಾವಣೆಗೆ ಅದು ಅನ್ವಯಿಸದು.

ಕಾನೂನಿನ ಮಾತು ಬಿಟ್ಟರೂ ನಿಮ್ಮ ಉಪಾಯ ಫಲಿಸುವುದಿಲ್ಲ. ನಾಯಿ ಹೋದರೂ ಮೂಲೆಯ ಕಸದ ರಾಶಿ ಅಲ್ಲೇ ಇರುತ್ತದೆ. ಅದಕ್ಕಾಗಿ ಪಕ್ಕದ ಓಣಿಯವು ಬರುತ್ತವೆ. ಅವಕ್ಕೆ ಲಸಿಕೆ ಆಗಿರುವುದಿಲ್ಲ, ನಿಮ್ಮ ಗುರುತೂ ಇರುವುದಿಲ್ಲ. ಜಾಗಕ್ಕಾಗಿ ಕಚ್ಚಾಡುವಾಗ ನಡುವೆ ಸಿಕ್ಕವರಿಗೂ ಕಚ್ಚುತ್ತವೆ.

ಮೊದಲು ಎಣಿಸಿ: ಗಂಡೆಷ್ಟು, ಹೆಣ್ಣೆಷ್ಟು, ಕಿವಿಯಲ್ಲಿ ಕತ್ತರಿಸಿದ ಕಚ್ಚು ಇರುವುದು ಎಷ್ಟಕ್ಕೆ. ಆ ಕಚ್ಚು ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಉಳಿದವಕ್ಕೆಲ್ಲ ಚಿಕಿತ್ಸೆ, ಲಸಿಕೆ ಮಾಡಿಸಿ ಎಂದು ಈ ಲೆಕ್ಕದೊಂದಿಗೆ ಮಹಾನಗರ ಪಾಲಿಕೆ ಆಯುಕ್ತರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿಕೆಯವರು ನಾಲ್ಕೈದು ನಾಯಿ ಒಯ್ದು ಕೈತೊಳೆದುಕೊಳ್ಳಲು ಬಿಡಬೇಡಿ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, 9 ವಾರಕ್ಕೆ ಮರಿ ಹಾಕುತ್ತದೆ. ಉಳಿದ ಎರಡೇ ಹೆಣ್ಣು ಓಣಿ ತುಂಬಿಸಬಲ್ಲವು. ಹಿಡಿಯುವುದು ಬಲೆ, ಕೈಯಂಥ ಹಿಂಸೆಯಿಲ್ಲದ ವಿಧಾನದಿಂದ. ಇಕ್ಕಳ, ತಂತಿ ಕೂಡದು. ವಿಷದ ಮಾತು ಯಾರಾದರೂ ಎತ್ತಿದರೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗೆ ಜೈಲಾಗಬಹುದೆಂದು ಅಲ್ಲೇ ತಿಳಿಸಿ.

ಪ್ರಶ್ನೆ: ಪಕ್ಕದ ಮನೆಯವರು ಗೇಟಿನ ಮುಂದೆಯೇ ನಾಯಿಗಳಿಗೆ ರೊಟ್ಟಿ ಹಾಕುತ್ತಾರೆ. ತಡೆಯಬಹುದೆ?
– ನವನಗರ, ಬಾಗಲಕೋಟೆ

ಉತ್ತರ: ರೊಟ್ಟಿ ಹಾಕುವುದು ತಪ್ಪಲ್ಲ, ಜಾಗ ತಪ್ಪು. ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಬಾಗಿಲುಗಳಿಂದ ದೂರವಿರಬೇಕು. ವಾರ್ಡಿಗೊಂದು ಜಾಗ ಗುರುತಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಜಗಳಕ್ಕಿಂತ, ಇಬ್ಬರೂ ಸಹಿ ಹಾಕಿ ಆ ಜಾಗ ಕೇಳಿರಿ.

ಪ್ರಶ್ನೆ: ಮಗನ ಮೀನಖಂಡಕ್ಕೆ ನಾಯಿಯ ಹಲ್ಲು ತಾಗಿ ಎರಡು ಹನಿ ರಕ್ತ ಬಂತು. ಅರಿಶಿನ ಹಚ್ಚಿದ್ದೇವೆ. ನಾಯಿ ಚೆನ್ನಾಗಿದೆ, 10 ದಿನ ನೋಡೋಣವೆ?
– ತಾಯಿಯೊಬ್ಬರು, ಬೆಳಗಾವಿ

ಉತ್ತರ: ಒಂದು ದಿನವೂ ಕಾಯಬೇಡಿರಮ್ಮ. ಅರಿಶಿನ ತೆಗೆದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಅದು 3ನೇ ವರ್ಗದ, ಅಂದರೆ ಅತಿ ಗಂಭೀರ ವರ್ಗದ ಕಡಿತ. ಲಸಿಕೆಯ ಜೊತೆಗೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯಗಳು) ಚುಚ್ಚಬೇಕು, ಏಕೆಂದರೆ ಲಸಿಕೆಯಿಂದ ರಕ್ಷಣೆ ಹುಟ್ಟಲು ಒಂದೆರಡು ವಾರ ಬೇಕು. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ನಾಯಿಯ ಮೇಲೆ 10 ದಿನ ಕಣ್ಣಿಡುವುದು ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ಗಾಯ ಮಾಯ್ದ ಮೇಲೆ 28ನೇ ದಿನದ್ದು ಮರೆಯುವುದು ಸುಲಭ. ಮೊದಲ ಸೂಜಿಯ ದಿನವನ್ನೇ 0 ಎಂದು ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ಉಳಿದ ದಿನಗಳಿಗೆ ಈಗಲೇ ಗುರುತು ಹಾಕಿ.