ಸ್ಟಿಲ್ ಗೇಮ್ ನೋಡಲು ಶುರು ಮಾಡಿದೆ, ಅರ್ಧ ಮಾತು ಅರ್ಥವಾಗುತ್ತಿಲ್ಲ. ಏನು ಮಾಡಲಿ?

ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೂ ಎರಡು ಕಂತು ನೋಡುವಷ್ಟರಲ್ಲಿ ತಲೆ ಕೆಟ್ಟುಹೋಯಿತು, ಯಾವ ಸರಣಿಯಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ತೊಂದರೆ ನಿಮ್ಮ ಇಂಗ್ಲಿಷಿನದಲ್ಲ. ಸ್ಟಿಲ್ ಗೇಮ್ ಸ್ಕಾಟ್ಲೆಂಡಿನ ಟಿವಿ ಹಾಸ್ಯ ಕಾರ್ಯಕ್ರಮ. ಅಲ್ಲಿ ಆಡುವುದು ಗ್ಲಾಸ್ಗೋ ನಗರದ ಮಾತು, ಸ್ಕಾಟ್ಸ್ ಭಾಷೆ ಧಾರಾಳವಾಗಿ ಬೆರೆತದ್ದು. ಮೈಸೂರು ಕಡೆಯ ಕಿವಿಗೆ ಮೊದಲ ಸಲ ಧಾರವಾಡದ ಮಾತು ಬಿದ್ದಾಗ ಆಗುವ ಹಾಗೆಯೇ ಇದೂ. ಆದರೆ ಈ ಮಾತು ಬದಲಾಗುವುದಕ್ಕೆ ಒಂದು ಲೆಕ್ಕವಿದೆ. ಅದು ಸಿಕ್ಕಿಬಿಟ್ಟರೆ ಮೂರ್ನಾಲ್ಕು ಕಂತಿನಲ್ಲಿ ಕಿವಿ ಪಳಗುತ್ತದೆ.

ಮೊದಲು ಕಂತುಗಳ ಹೆಸರನ್ನೇ ಪಾಠವಾಗಿ ತೆಗೆದುಕೊಳ್ಳಿ. 2002ರ ಮೊದಲ ಸರಣಿಯಲ್ಲಿ ‘ಫ್ಲಿಟಿನ್’, ‘ಫೇಮ್ಲಿ’, ‘ಕಾಲ್ಡ್’, ‘ಕೋರ್ಟಿನ್’, ‘ವಾಡಿನ್’ ಎಂಬ ಹೆಸರುಗಳಿವೆ. ಫ್ಲಿಟ್ ಅಂದರೆ ಮನೆ ಬದಲಿಸುವುದು. ಮುಖ್ಯ ಪಾತ್ರವಾದ ಮುದುಕ ಜ್ಯಾಕ್ ತನ್ನ ಗೆಳೆಯ ವಿಕ್ಟರನ ಪಕ್ಕದ ಫ್ಲಾಟಿಗೆ ಬರುವ ಕತೆ ಅದು. ಕಾಲ್ಡ್ ಅಂದರೆ ಕೋಲ್ಡ್, ಚಳಿ. ಓಲ್ಡ್ ಕೂಡ ಹೀಗೇ ಆಲ್ಡ್ ಆಗುತ್ತದೆ. ವಾಡಿನ್ ಅಂದರೆ ವೆಡ್ಡಿಂಗ್. ಕೊನೆಯ ‘ಇಂಗ್’ ಎಲ್ಲ ಕಡೆಯೂ ‘ಇನ್’ ಆಗಿಬಿಡುತ್ತದೆ.

ಇನ್ನು ‘ಔ’ ಎಂಬುದು ‘ಊ’ ಆಗುತ್ತದೆ: ಡೌನ್ ಹೋಗಿ ಡೂನ್, ಅಬೌಟ್ ಹೋಗಿ ಅಬೂಟ್, ಔಟ್ ಹೋಗಿ ಊಟ್. ಪಾತ್ರವೊಂದು ‘ಊಟ್’ ಎಂದರೆ ಹೊರಗೆ ಹೊರಟಿದ್ದಾರೆ ಎಂದರ್ಥ, ತಿನ್ನಲು ಕೂತಿದ್ದಾರೆ ಎಂದಲ್ಲ. ಎರಡು ಸ್ವರಗಳ ನಡುವಿನ ‘ಟ’ ಬಾಯಿಂದ ಹೊರಗೆ ಬರುವುದೇ ಇಲ್ಲ, ಗಂಟಲಲ್ಲೇ ಕಡಿದುಹೋಗುತ್ತದೆ. ವಾಟರ್ ಎಂಬುದು ‘ವಾ’ ಎಂದು ಒಂದು ಕ್ಷಣ ನಿಂತು ‘ಅರ್’ ಎನ್ನುತ್ತದೆ. ಹೆಚ್ಚಿನವರು ಎಡವುವುದು ಈ ಜಾಗದಲ್ಲೇ, ಏಕೆಂದರೆ ಪದ ಎಲ್ಲಿ ಮುಗಿಯಿತು ಎಂಬುದೇ ಕಿವಿಗೆ ಗೊತ್ತಾಗುವುದಿಲ್ಲ.

‘ಬೇಡ, ಇಲ್ಲ’ ಎನ್ನುವುದು ನಮಗೆ ಸುಲಭವಾಗಬೇಕು. ಕ್ಯಾನೇ, ಡಿಡ್ನೇ, ವುಡ್ನೇ: ನಮ್ಮ ‘ಮಾಡಲ್ಲ, ಬರಲ್ಲ’ ಇದ್ದ ಹಾಗೆ ಇಲ್ಲೂ ನಿಷೇಧ ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಬಹುವಚನದ ‘ನೀವು’ ಬೇರೆಯಾಗಿಲ್ಲ, ಗ್ಲಾಸ್ಗೋದಲ್ಲಿ ಅದಕ್ಕೆ ‘ಯೂಸ್’ ಇದೆ.

ಅರ್ಥ ಅದಲು ಬದಲಾಗುವ ಪದಗಳು ಇನ್ನೂ ಅಪಾಯ. ಇವು ಕಿವಿಗೆ ಸ್ಪಷ್ಟವಾಗಿಯೇ ಬೀಳುತ್ತವೆ, ಆಮೇಲೆ ದಾರಿ ತಪ್ಪಿಸುತ್ತವೆ. ‘ಹೌ?’ ಎಂದರೆ ಹೇಗೆ ಎಂದಲ್ಲ, ಯಾಕೆ. ‘ಹೌ ನೋ?’ ಎಂದರೆ ಯಾಕಾಗಬಾರದು. ‘ಮೆಸೇಜಸ್’ ಎಂದರೆ ದಿನಸಿ ಸಾಮಾನು. ‘ಗ್ರೀಟಿನ್’ ಎಂದರೆ ಅಳುವುದು. ‘ಪೀಸ್’ ಎಂದರೆ ಬ್ರೆಡ್ಡಿನ ಸ್ಯಾಂಡ್‌ವಿಚ್, ‘ಜಿಂಜರ್’ ಎಂದರೆ ಯಾವುದೇ ಸೋಡಾ ಪಾನೀಯ. ‘ವೇನ್’ ಎಂದರೆ ಮಗು. ‘ಸ್ಟೀಮಿನ್’ ಎಂದರೆ ಕುಡಿದು ಚಿತ್ತಾಗಿರುವುದು. ಈ ಏಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

ನೋಡುವ ಕ್ರಮ ಹೀಗಿರಲಿ. ಒಂದು ಕಂತನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡಿ, ಮಾರನೆಯ ದಿನ ಅದೇ ಕಂತನ್ನು ಸಬ್‌ಟೈಟಲ್ ತೆಗೆದು ನೋಡಿ. ಯಂತ್ರವೇ ಬರೆಯುವ ಸಬ್‌ಟೈಟಲ್ ನಂಬಬೇಡಿ. ಅದು ಸ್ಕಾಟ್ಸ್ ಪದವನ್ನು ಹತ್ತಿರದ ಇನ್ಯಾವುದೋ ಇಂಗ್ಲಿಷ್ ಪದ ಎಂದುಕೊಂಡುಬಿಡುತ್ತದೆ. ವೇಗ ಕಡಿಮೆ ಮಾಡಲೂಬೇಡಿ. ಈ ಹಾಸ್ಯದ ಜೀವ ಇರುವುದು ಮಾತಿನ ತಾಳದಲ್ಲಿ, ನಿಧಾನ ಮಾಡಿದರೆ ಅದು ಸತ್ತುಹೋಗುತ್ತದೆ. ಅರ್ಥವಾಗದಿದ್ದರೆ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಮತ್ತೆ ಕೇಳಿ. ಹೆಡ್‌ಫೋನ್ ಇದ್ದರೆ ಗಂಟಲಲ್ಲಿ ಕಡಿಯುವ ‘ಟ’ ಬೇಗ ಗುರುತು ಸಿಗುತ್ತದೆ.

ಕ್ಲಾನ್ಸ್‌ಮನ್ ಪಬ್ಬಿನ ದೃಶ್ಯಗಳನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಜ್ಯಾಕ್, ವಿಕ್ಟರ್ ಬಾಗಿಲು ತಳ್ಳಿ ಒಳಗೆ ಬಂದ ಕೂಡಲೇ ಬಾರ್ ನಡೆಸುವ ಬಾಬಿ ಅವರ ವೇಷ ನೋಡಿ ಏನಾದರೊಂದು ಗೇಲಿ ಮಾಡುತ್ತಾನೆ, ಅವರು ಅವನಿಗೊಂದು ಬೈಗುಳ ಸೇರಿಸಿ ಎರಡು ಪೈಂಟ್ ಬಿಯರ್ ಕೇಳುತ್ತಾರೆ. ಚೌಕಟ್ಟು ಅದೇ, ಗೇಲಿ ಮಾತ್ರ ಹೊಸದು. ಹಾಗಾಗಿ ಕಿವಿ ಹೊಸ ಮಾತಿನ ಮೇಲಷ್ಟೇ ಗಮನ ಇಡಬಹುದು. ಅಲ್ಲಿನ ಬೈಗುಳವನ್ನು ಜಗಳ ಎಂದುಕೊಳ್ಳಬೇಡಿ, ಬಹುಪಾಲು ಅದು ಸಲುಗೆ. ನವೀದ್‌ನ ಅಂಗಡಿಯ ದೃಶ್ಯಗಳಲ್ಲಿ ನಮಗೆ ಇನ್ನೊಂದು ಅನುಕೂಲ: ಕ್ಯಾಮೆರಾಗೆ ಬೆನ್ನು ಹಾಕಿ ಕೂತ ಅವನ ಹೆಂಡತಿ ಮೀನಾ ಉಪಖಂಡದ ಮಾತಿನಲ್ಲೇ ಗಂಡನನ್ನು ಚುಚ್ಚುತ್ತಾಳೆ, ಅಲ್ಲಿ ಸಬ್‌ಟೈಟಲ್ ಬೇಕಾಗುವುದು ಗ್ಲಾಸ್ಗೋದವರಿಗೆ. ನವೀದ್ ಪಾತ್ರದ ಸಂಜೀವ್ ಕೊಹ್ಲಿ ಬೆಳೆದದ್ದು ಗ್ಲಾಸ್ಗೋದಲ್ಲೇ. ಅವರ ಉಚ್ಚಾರಣೆ ಸ್ಪಷ್ಟ, ಮೊದಲು ಹಿಡಿತಕ್ಕೆ ಸಿಗುವುದು ಅವರ ಮಾತೇ ಎಂದು ನನ್ನ ಅನಿಸಿಕೆ.

ಇನ್ನು ಎಲ್ಲಿಂದ ಶುರು ಎಂಬ ಪ್ರಶ್ನೆ. ಒಟ್ಟು 9 ಸರಣಿ, 62 ಕಂತು. ಆರು ಸರಣಿ 2007ರೊಳಗೆ ಮುಗಿದವು. ಆಮೇಲೆ ದೊಡ್ಡ ಬಿಡುವು. 2014ರಲ್ಲಿ ಗ್ಲಾಸ್ಗೋದ ಹೈಡ್ರೋ ರಂಗಮಂದಿರದಲ್ಲಿ 21 ಪ್ರದರ್ಶನ, 2016ರಲ್ಲಿ ಏಳನೆಯ ಸರಣಿ, 2019ರ ಮಾರ್ಚಿನಲ್ಲಿ ಮುಕ್ತಾಯ. ಚಿತ್ರದ ಗುಣಮಟ್ಟ ಚೆನ್ನಾಗಿದೆ ಎಂದು ಏಳನೆಯದರಿಂದ ಶುರು ಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕ್ರೇಗ್‌ಲ್ಯಾಂಗ್ ಎಂಬ ಆ ಕಲ್ಪಿತ ಬಡಾವಣೆಯ ಮುದುಕರ ಪರಿಚಯವಿಲ್ಲದೆ ಆ ಕಂತುಗಳು ಸಪ್ಪೆ ಎನಿಸುತ್ತವೆ. ಮೊದಲ ಮೂರು ಸರಣಿಗಳನ್ನು ಸಾಲಾಗಿ ನೋಡಿ; ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಸತ್ವ ಇರುವುದು ಅಲ್ಲಿ. ಜ್ಯಾಕ್, ವಿಕ್ಟರ್ ಪಾತ್ರ ಮಾಡಿದ ಫೋರ್ಡ್ ಕೀರ್ನನ್, ಗ್ರೆಗ್ ಹೆಂಪ್‌ಹಿಲ್ ಈ ಮುದುಕರನ್ನು 1997ರಲ್ಲಿ ರಂಗದ ಮೇಲೆ ತಂದಿದ್ದರು, ಟಿವಿಯಲ್ಲಿ ಸರಣಿ ಶುರುವಾದಾಗ ಒಬ್ಬರಿಗೆ 40, ಇನ್ನೊಬ್ಬರಿಗೆ 32. ಎಪ್ಪತ್ತು ದಾಟಿದ ನಡಿಗೆ, ಕುರ್ಚಿಯಿಂದ ಏಳುವಾಗಿನ ಆ ಉಸಿರು ಎಲ್ಲವೂ ಅಭಿನಯ. ಮಾತು ತಪ್ಪಿಹೋದ ಕಡೆಯಲ್ಲೂ ಮೈ ನೋಡುತ್ತಿದ್ದರೆ ಕತೆ ಕೈಬಿಡುವುದಿಲ್ಲ.

ಒಂದು ಎಚ್ಚರಿಕೆ: ಕೊನೆಯ ಕಂತು ‘ಓವರ್ ದ ಹಿಲ್’ನ ತುಣುಕುಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲ ಸರಣಿ ಮುಗಿಯುವ ಮುಂಚೆ ಅವನ್ನು ತೆರೆಯಬೇಡಿ.