ಸೊನ್ನೆ ಎಲ್ಲಿದೆ ಅಂತ ಮೊದಲು ಹೇಳಿ

ಉದ್ಯಮಬಾಗದ ಗೆಳೆಯರಿಗೆ ನಮಸ್ಕಾರ.

ಕಾರಿನ ಮೀಟರ್ ಮುಳ್ಳು ತೆಗೆದು ಮತ್ತೆ ಸರಿಯಾಗಿ ಕೂರಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಬದಿಗಿಡುವ ಬರಹವೂ ಅಲ್ಲ. ಕೈಯಾರೆ ಕೆಲಸ ಮಾಡಿದವರು ಬರೆದದ್ದು ಅಂತ ಎರಡನೇ ಪುಟದಲ್ಲಿ ಗೊತ್ತಾಗುತ್ತದೆ. ಆದರೆ ಮೊದಲ ಪುಟ ಓದಿದವರು ಎರಡನೆಯದಕ್ಕೆ ಬರಬೇಕಲ್ಲ?

ಚಕ್ರ ಕಂಡುಹಿಡಿದದ್ದು, ವೇಗದ ಯುಗ, ಬದುಕೇ ಒಂದು ಪಯಣ. ಇದೆಲ್ಲ ಯಾಕೆ ಬೇಕು? ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಗಿರಾಕಿ ಅಂಗಡಿಗೆ ಬಂದು, "ಏನ್ರಿ ಇದು, ನಿಂತ ಗಾಡಿ ಇಪ್ಪತ್ತರಾಗ ಓಡಾಕತ್ತೈತಲ್ರಿ!" ಅನ್ನುವಲ್ಲಿ. ಆ ಸಾಲನ್ನು ಎಲ್ಲಕ್ಕಿಂತ ಮೇಲೆ ತನ್ನಿ. ಅದರ ಮಾತನ್ನು ತಿದ್ದಬೇಡಿ.

ಇನ್ನು ನನ್ನ ದೊಡ್ಡ ತಕರಾರು. "ಮುಳ್ಳನ್ನು ನಿಧಾನವಾಗಿ ತೆಗೆದು, ಆಮೇಲೆ ಸೊನ್ನೆಗೆ ಇಟ್ಟು ಒತ್ತಿದರೆ ಆಯಿತು" ಅಂತ ಬರೆದಿದ್ದೀರಿ. ಇಡೀ ಕಸುಬು ಇರುವುದು ಈ ಒಂದು ಸಾಲಿನಲ್ಲಿ, ಅದನ್ನೇ ಹಾರಿಸಿಬಿಟ್ಟಿದ್ದೀರಿ. ನಿಮ್ಮ ಕೈಗೆ ಅದು ಎಷ್ಟು ರೂಢಿಯಾಗಿದೆ ಅಂದರೆ, ಹೇಳಬೇಕು ಅಂತ ಅನ್ನಿಸಿಯೇ ಇಲ್ಲ.

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಸ್ಪೀಡೋಮೀಟರ್ ತೆಗೆದುಕೊಳ್ಳಿ. ಗೇರ್‌ಬಾಕ್ಸ್‌ನಿಂದ ಬಂದ ಕೇಬಲ್ ಒಳಗೊಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಮುಟ್ಟದೆಯೇ, ಮುಳ್ಳಿಗೆ ಸೇರಿದ ಅಲ್ಯೂಮಿನಿಯಂ ಬಟ್ಟಲನ್ನು ಮುಂದಕ್ಕೆ ಎಳೆಯುತ್ತದೆ, ಕೂದಲಿನಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಡಯಲ್ ಮೇಲೆ ಸೊನ್ನೆಯ ಹತ್ತಿರ ಸಣ್ಣ ಗೂಟ ಇದ್ದರೆ ಮುಳ್ಳು ಅದಕ್ಕೆ ಒರಗಿ ನಿಂತಿರುತ್ತದೆ. ಸ್ಪ್ರಿಂಗ್‌ನ ಎಳೆತ ಪೂರ್ತಿ ಮುಗಿಯುವ ಜಾಗ ಗೂಟಕ್ಕಿಂತ ಕೆಳಗಿದೆ. ಹಾಗಾಗಿ ಮುಳ್ಳನ್ನು ಮೆಲ್ಲಗೆ ಎತ್ತಿ ಗೂಟ ದಾಟಿಸಿ, ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಟೇಪ್ ಅಂಟಿಸಿ ಗುರುತು ಹಾಕಬೇಕು. ಕೀಳುವುದು ಆಮೇಲೆ. ಗುರುತಿಲ್ಲದೆ ಕಿತ್ತು ನೇರ ಸೊನ್ನೆಗೆ ಕೂರಿಸಿದರೆ, ಅಷ್ಟು ಅಂತರ ಎಲ್ಲ ವೇಗದಲ್ಲೂ ಜಾಸ್ತಿ ತೋರಿಸುತ್ತದೆ.

ಈಗಿನ ಕಾರುಗಳ ಕತೆ ಬೇರೆ. ಅವುಗಳ ಮುಳ್ಳನ್ನು ತಿರುಗಿಸುವುದು ಹೆಜ್ಜೆ ಹೆಜ್ಜೆಯಾಗಿ ಚಲಿಸುವ ಸ್ಟೆಪರ್ ಮೋಟರ್, ಸ್ಪ್ರಿಂಗ್ ಇಲ್ಲ. ಕರೆಂಟ್ ಇಲ್ಲದಾಗ ಅದು ಎಲ್ಲಿ ನಿಂತಿತ್ತೋ ಅಲ್ಲೇ. ಕೀ ತಿರುವಿದಾಗ ಮೋಟರ್ ಹಿಂದಕ್ಕೆ ಹೋಗಿ ಒಳಗಿನ ತಡೆಗೆ ತಾಗಿ, ಅಲ್ಲಿಂದ ಹೆಜ್ಜೆ ಎಣಿಸಲು ಶುರು ಮಾಡುತ್ತದೆ. ಆದ್ದರಿಂದ ಮೀಟರ್ ಬೋರ್ಡ್‌ಗೆ ವೈರ್ ಜೋಡಿಸಿ, ಕೀ ಆನ್ ಮಾಡಿ, ಮೋಟರ್ ತನ್ನ ಸೊನ್ನೆಗೆ ಬಂದ ಮೇಲೆ ಮುಳ್ಳು ಕೂರಿಸಬೇಕು. ಮೋಟರ್ ಮುಂದೆ ಎಲ್ಲೋ ನಿಂತಿರುವಾಗ ಸೊನ್ನೆಗೆ ಒತ್ತಿದರೆ, ಆಮೇಲೆ ಮೀಟರ್ ಕಡಿಮೆ ವೇಗ ತೋರಿಸುತ್ತದೆ. ಜಾಸ್ತಿ ತೋರಿಸಿದರೆ ಕಿರಿಕಿರಿ ಅಷ್ಟೇ. ಕಡಿಮೆ ತೋರಿಸುವುದು ಅಪಾಯ. ಈ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಎಲ್ಲೂ ಬಂದಿಲ್ಲ.

ಗುರುತು ಹಾಕುವ ಮಾತು ನಾಲ್ಕನೇ ಪುಟದಲ್ಲಿ ಒಂದು ಟಿಪ್ಪಣಿಯಾಗಿ ಬರುತ್ತದೆ, ನಿಜ. ಅಷ್ಟು ಹೊತ್ತಿಗೆ ನಿಮ್ಮ ಓದುಗ ಮುಳ್ಳು ಕಿತ್ತು ಕೈಯಲ್ಲಿ ಹಿಡಿದು ಕೂತಿರುತ್ತಾನೆ. ಕೈ ಕೆಲಸದ ಬರಹದಲ್ಲಿ ಎಚ್ಚರಿಕೆ ಕೆಲಸಕ್ಕಿಂತ ಮುಂಚೆ ಬರಬೇಕು, ಅಡುಗೆಯಲ್ಲಿ ಬೇಳೆ ನೆನೆಹಾಕುವ ಮಾತಿನ ಹಾಗೆ. ಬೋರ್ಡ್ ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ತೆಗೆಯುವುದನ್ನೂ ಅಲ್ಲೇ ಸೇರಿಸಿ.

"ನಿಧಾನವಾಗಿ" ಅಂದರೆ ಹೇಗೆ? ಡಯಲ್ ಮೇಲೆ ಟೇಪ್ ಅಂಟಿಸಿ, ಮುಳ್ಳಿನ ಬುಡಕ್ಕೆ ಎರಡು ಕಡೆಯಿಂದ ಎರಡು ಚಮಚ ಕೊಟ್ಟು ಒಂದೇ ಸಮ ಎತ್ತುತ್ತೀರಿ ಅಲ್ವಾ? ಅದನ್ನು ಬರೆಯಿರಿ. ಒಂದೇ ಕಡೆಯಿಂದ ಮೀಟಿದರೆ ಮುಳ್ಳು ಕೂತಿರುವ ಸಣ್ಣ ಶಾಫ್ಟ್ ಬಾಗುತ್ತದೆ. ಜೋರಾಗಿ ತಿರುಚಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಹೋಗುತ್ತದೆ. ಕೂರಿಸುವಾಗ ಪೂರ್ತಿ ಒತ್ತಬಾರದು, ಡಯಲ್‌ಗೆ ಉಜ್ಜಿದರೆ ಮುಳ್ಳು ಸಿಕ್ಕಿಕೊಳ್ಳುತ್ತದೆ. ಕೆಳಗೆ ಒಂದು ಹಳೆಯ ಲಗ್ನಪತ್ರಿಕೆಯ ತುಂಡು ಇಟ್ಟು ಒತ್ತಿ, ಆಮೇಲೆ ಎಳೆದುಕೊಂಡರೆ ಸಾಕು.

ನನಗೆ ಹಿಡಿಸಿದ ಭಾಗ, ಹಲಗಾದ ಸುವರ್ಣ ವಿಧಾನಸೌಧ ದಾಟಿ ಹಿರೇಬಾಗೇವಾಡಿ ಕಡೆ ಹೈವೇಯಲ್ಲಿ ಜಿಪಿಎಸ್ ಇಟ್ಟು ನೋಡಿದ್ದು. ಅದನ್ನು ಇನ್ನಷ್ಟು ಬಿಡಿಸಿ. 40ಕ್ಕೆ, 60ಕ್ಕೆ, 80ಕ್ಕೆ ವೇಗ ಸ್ಥಿರವಾಗಿ ಹಿಡಿದು, ಫೋನ್ ಓದುವ ಕೆಲಸ ಪಕ್ಕದವರಿಗೆ ಕೊಡಬೇಕು. ಡಯಲ್‌ನಲ್ಲಿ ಅಂಕಿಗಳು ಸಮ ಅಂತರದಲ್ಲಿದ್ದು, ಮೂರು ಕಡೆಯೂ ಒಂದೇ 5 ಕಿ.ಮೀ. ವ್ಯತ್ಯಾಸ ಬಂದರೆ ಮುಳ್ಳು ತಪ್ಪಿ ಕೂತಿದೆ. ವೇಗದ ಜೊತೆ ವ್ಯತ್ಯಾಸವೂ ಏರುತ್ತಾ ಹೋದರೆ ಟಯರ್ ಅಳತೆ ಬದಲಾಗಿದೆಯೇ ನೋಡಬೇಕು. ಮುಳ್ಳು ಎಷ್ಟು ತಿರುಗಿಸಿದರೂ ಅದು ಸರಿಹೋಗದು.

"ಜಿಪಿಎಸ್‌ಗೆ ಪಕ್ಕಾ ಹೊಂದಬೇಕು" ಅನ್ನುವ ಮಾತು ಮಾತ್ರ ತೆಗೆಯಿರಿ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಆದರೆ ಆ ವೇಗದ ಶೇ. 10, ಅದರ ಜೊತೆಗೆ ಇನ್ನೂ 4 ಕಿ.ಮೀ.ವರೆಗೆ ಜಾಸ್ತಿ ತೋರಿಸಬಹುದು. ಅಂದರೆ ಗಾಡಿ 80ರಲ್ಲಿದ್ದಾಗ ಮುಳ್ಳು 92ರವರೆಗೆ ಹೋದರೂ ನಡೆಯುತ್ತದೆ. ಹೊಸ ಕಾರಿನಲ್ಲೂ ಮುಳ್ಳು ಸ್ವಲ್ಪ ಮುಂದಿರುವುದು ಇದಕ್ಕೇ.

ಓಡಿದ ಕಿಲೋಮೀಟರ್ ಕಡಿಮೆ ಮಾಡಿಸಿಕೊಳ್ಳಲು ಬರುವವರ ಬಗ್ಗೆ ತಮಾಷೆಯಾಗಿ ಬರೆದ ಪ್ಯಾರಾ ನಾನೇ ಹೊಡೆದು ಹಾಕಿದ್ದೇನೆ. ಅದು ಮೋಸ, ಸುಮ್ನೆ ನಗುವ ವಿಷಯ ಅಲ್ಲ.

ಏಳು ಪುಟವನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಕಳಿಸಿ. ಜೊತೆಗೆ ಎರಡು ಫೋಟೊ ಬೇಕು: ಟೇಪ್ ಗುರುತಿನದು ಒಂದು, ಚಮಚ ಹಿಡಿದ ಕೈಯದು ಒಂದು. ಫ್ಲ್ಯಾಶ್ ಹಾಕಬೇಡಿ, ಡಯಲ್ ಹೊಳೆದು ಅಂಕಿ ಕಾಣುವುದಿಲ್ಲ.

ಇಂತಿ,
ಸಂಪಾದಕ